ರಟ್ಟಿನ ಗುಟ್ಟು

ಗೋಕಾಕಕ್ಕೆ ಹೋದವರು ಎರಡು ಕೆಲಸ ಮಾಡದೆ ವಾಪಸ್ ಬರೋದಿಲ್ಲ. ಒಂದು, ಫಾಲ್ಸ್ ನೋಡೋದು. ಇನ್ನೊಂದು, ಕರದಂಟು ಕಟ್ಟಿಸಿಕೊಳ್ಳೋದು. ಫಾಲ್ಸ್ ಬೇಸಿಗೆಯಲ್ಲಿ ಕೈ ಕೊಡಬಹುದು, ಬರೀ ಬಂಡೆ ನೋಡಿಕೊಂಡು ಬರಬೇಕಾಗಬಹುದು. ಕರದಂಟು ಮಾತ್ರ ಯಾವ ಕಾಲಕ್ಕೂ ಕೈ ಕೊಡಲ್ಲ. ತುಪ್ಪದಲ್ಲಿ ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಬಾದಾಮಿ, ಅಂಜೂರ, ಒಣದ್ರಾಕ್ಷಿ. ಬಾಣಂತಿಗೆ ಕೊಡುತ್ತಿದ್ದ ಮನೆಮದ್ದು ಊರಿನ ಹೆಸರನ್ನೇ ಹೊತ್ತುಕೊಂಡು ಬೆಂಗಳೂರು, ಮುಂಬೈ, ದುಬೈ ಎಲ್ಲಾ ಕಡೆ ಹೋಗಿದೆ.

ಆದರೆ ವೀಕ್ಷಕರೇ, ಇವತ್ತಿನ ಮಾತು ಫಾಲ್ಸ್ ಬಗ್ಗೆ ಅಲ್ಲ, ಕರದಂಟಿನ ಬಗ್ಗೆಯೂ ಅಲ್ಲ. ಆ ಕರದಂಟು ಕೂತಿರುತ್ತಲ್ಲ, ಆ ಡಬ್ಬಿ ಬಗ್ಗೆ. ಮನೆಗೆ ಬಂದ ತಕ್ಷಣ ಹರಿದು ಬಿಸಾಕ್ತೀವಲ್ಲ, ಆ ರಟ್ಟಿನ ಬಗ್ಗೆ. ಯಾಕೆ ಅಂದ್ರೆ ಆ ಡಬ್ಬಿಗೆ ನೀವು ದುಡ್ಡು ಕೊಟ್ಟಿದ್ದೀರಿ. ಎಷ್ಟು ಕೊಟ್ಟಿದ್ದೀರಿ ಅನ್ನೋದನ್ನ ಕೊನೆಗೆ ಹೇಳ್ತೀನಿ. ಕೆಲವರಿಗೆ ಸಿಟ್ಟು ಬರಬಹುದು.

ಮೊದಲು ಹೆಸರಿನ ವಿಚಾರ ಮುಗಿಸೋಣ. ಮೈಸೂರು ಕಡೆಯವರಿಗೆ ಇದು ರಟ್ಟಿನ ಡಬ್ಬ. ಹುಕ್ಕೇರಿ, ಸಂಕೇಶ್ವರ, ಗೋಕಾಕದ ಕಡೆ ಮರಾಠಿಯ ಗಾಳಿ ಇದೆ, ಹಾಗಾಗಿ ಖೋಕೆ ಅನ್ನೋ ಮಾತು ಕಿವಿಗೆ ಬೀಳುತ್ತೆ. ಹಾಪೂಸ್ ಮಾವಿನ ಹಣ್ಣು ಬರೋದು ಪೇಟಿಯಲ್ಲಿ. ಒಂದು ಕಾಲಕ್ಕೆ ಅದು ನಿಜವಾಗಲೂ ಕಟ್ಟಿಗೆಯ ಪೇಟಿ. ಹುಲ್ಲು ಹಾಸಿ, ಮೊಳೆ ಹೊಡೆದು ಬರುತ್ತಿತ್ತು. ಈಗ ಗಾಳಿಯಾಡೋ ತೂತುಗಳಿರುವ ರಟ್ಟಿನ ಡಬ್ಬಿ. ಪೇಟಿ ಹೋಯ್ತು, ಹೆಸರು ಉಳೀತು. ಇನ್ನು ಮುಂಬೈ ಭಾಷೆಯಲ್ಲಿ ಪೇಟಿ ಅಂದ್ರೆ ಒಂದು ಲಕ್ಷ, ಖೋಕೆ ಅಂದ್ರೆ ಒಂದು ಕೋಟಿ. 2022ರಲ್ಲಿ ಮಹಾರಾಷ್ಟ್ರದಲ್ಲಿ ಸರ್ಕಾರ ಬದಲಾದಾಗ ವಿರೋಧ ಪಕ್ಷದವರು ವಿಧಾನಸಭೆಯ ಮೆಟ್ಟಿಲ ಮೇಲೆ ನಿಂತು ಐವತ್ತು ಖೋಕೆ ಅಂತ ಘೋಷಣೆ ಕೂಗಿದ್ದು ನಿಮಗೆ ನೆನಪಿರಬಹುದು. ಪಾಪದ ರಟ್ಟಿನ ಡಬ್ಬಿ, ತಾನು ಮಾಡದ ತಪ್ಪಿಗೆ ರಾಜಕೀಯಕ್ಕೆ ಬಂತು.

ಸರಿ, ವಿಷಯಕ್ಕೆ ಬರೋಣ. ರಟ್ಟಿನ ಡಬ್ಬಿ ಅಂತ ನಾವು ಒಂದೇ ಹೆಸರಲ್ಲಿ ಕರೆದರೂ ಅದರಲ್ಲಿ ಎರಡು ಜಾತಿ ಇದೆ. ಕರದಂಟಿನ ಡಬ್ಬಿ, ಸೀರೆ ಡಬ್ಬಿ, ಔಷಧದ ಡಬ್ಬಿ ಇವೆಲ್ಲ ಗಟ್ಟಿ ಹಾಳೆಯವು. ಮೇಲೆ ಬೆಳ್ಳಗೆ, ಬಣ್ಣ ಬಣ್ಣದ ಅಚ್ಚು. ಒಳಗೆ ತಿರುಗಿಸಿ ನೋಡಿದರೆ ಬೂದಿ ಬಣ್ಣ. ಆ ಬೂದಿ ಬಣ್ಣ ಎಲ್ಲಿಂದ ಬಂತು ಗೊತ್ತಾ? ನಿನ್ನೆ ಮೊನ್ನೆಯ ಪೇಪರ್, ಹಳೆ ನೋಟ್‌ಬುಕ್, ರದ್ದಿ. ಅದನ್ನೆಲ್ಲ ನೀರಲ್ಲಿ ಅರೆದು ಮತ್ತೆ ಹಾಳೆ ಮಾಡಿದಾಗ ಅಚ್ಚಿನ ಮಸಿ ಸೇರಿ ಬರೋ ಬಣ್ಣ ಅದು. ವ್ಯಾಪಾರದಲ್ಲಿ ಡುಪ್ಲೆಕ್ಸ್ ಬೋರ್ಡ್ ಅಂತಾರೆ. ಅದಕ್ಕೇ ಒಳ್ಳೆ ಅಂಗಡಿಯವನು ಕರದಂಟಿನ ಕೆಳಗೆ ಬೆಣ್ಣೆ ಕಾಗದ ಹಾಸಿರ್ತಾನೆ. ಹಾಸದೇ ಇದ್ದರೆ ಕೇಳಿ.

ಇನ್ನೊಂದು ಜಾತಿ, ಟಿವಿ, ಫ್ರಿಜ್ಜು, ಆನ್‌ಲೈನ್ ಆರ್ಡರು ಬರೋ ಕಂದು ಬಣ್ಣದ ಡಬ್ಬಿ. ಅದರ ಅಂಚನ್ನ ಒಮ್ಮೆ ಹರಿದು ನೋಡಿ. ಎರಡು ಹಾಳೆ, ನಡುವೆ ಅಲೆ ಅಲೆಯಾದ ಇನ್ನೊಂದು ಹಾಳೆ. ಇಡೀ ಪ್ರಪಂಚದ ವ್ಯಾಪಾರ ನಿಂತಿರೋದು ಆ ಅಲೆಯ ಮೇಲೆ. ಉತ್ಪ್ರೇಕ್ಷೆ ಅಲ್ಲ.

ಆ ಅಲೆ ಹುಟ್ಟಿದ್ದು ಡಬ್ಬಿಗೋಸ್ಕರ ಅಲ್ಲವೇ ಅಲ್ಲ, ಟೋಪಿಗೆ! 1856ರಲ್ಲಿ ಇಂಗ್ಲೆಂಡಿನ ಹೀಲಿ ಮತ್ತು ಅಲೆನ್ ಅನ್ನೋ ಇಬ್ಬರು ಮಡಿಕೆ ಮಡಿಕೆಯಾದ ಕಾಗದಕ್ಕೆ ಪೇಟೆಂಟ್ ತಗೊಂಡರು. ಆಗಿನ ಸಾಹೇಬರು ಹಾಕುತ್ತಿದ್ದ ಎತ್ತರದ ಟೋಪಿಯ ಒಳಗೆ ಬೆವರು ಹೀರೋಕೆ, ಟೋಪಿ ಆಕಾರ ಕೆಡದಂತೆ ಇರೋಕೆ ಅದನ್ನ ಹಾಕುತ್ತಿದ್ದರು. ನಮ್ಮ ಕಡೆ ಪಟಕಾ ಸುತ್ತೋ ಹಿರಿಯರಿಗೆ ಈ ತಾಪತ್ರಯವೇ ಇರಲಿಲ್ಲ, ಬಿಡಿ. ಹದಿನೈದು ವರ್ಷ ಆ ಅಲೆ ಕಾಗದ ಟೋಪಿಯೊಳಗೇ ಕೂತಿತ್ತು. 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಅನ್ನುವವನಿಗೆ ಬೇರೆ ಯೋಚನೆ ಹೊಳೀತು. ಗಾಜಿನ ಬಾಟಲಿ, ಲಾಟೀನಿನ ಬುರುಡೆ ಸಾಗಿಸುವಾಗ ಒಡೆದು ಹೋಗ್ತಾವಲ್ಲ, ಅದಕ್ಕೆ ಇದನ್ನ ಸುತ್ತಿದರೆ ಹೇಗೆ? ಆಗಲೂ ಅದು ಬರೀ ಸುತ್ತೋ ಕಾಗದ. ಮೂರು ವರ್ಷದ ನಂತರ, 1874ರಲ್ಲಿ, ಆಲಿವರ್ ಲಾಂಗ್ ಅನ್ನುವವನು ಆ ಅಲೆಗೆ ಬೆನ್ನಿಗೊಂದು ಹಾಳೆ ಅಂಟಿಸಿದ. ಮುಂದೆ ಎರಡೂ ಬದಿಗೆ ಹಾಳೆ ಬಂತು, ಅಲೆ ಮಲಗದೆ ನಿಂತಿತು. ರಟ್ಟಿಗೆ ಬೆನ್ನುಮೂಳೆ ಬಂದಿದ್ದು ಅಲ್ಲಿ.

ಯಾಕೆ ಗಟ್ಟಿ ಅನ್ನೋದನ್ನ ತಿಳಿಯೋಕೆ ಎಂಜಿನಿಯರ್ ಆಗಬೇಕಿಲ್ಲ. ತೋಟದ ಮನೆ ಮೇಲಿನ ತಗಡು ನೋಡಿ. ಸಪಾಟು ತಗಡನ್ನ ಎರಡು ಕೈಯಲ್ಲಿ ಹಿಡಿದು ಬಗ್ಗಿಸಬಹುದು. ಅದೇ ತಗಡಿಗೆ ಅಲೆ ಕೊಟ್ಟರೆ ಅದರ ಮೇಲೆ ಮನುಷ್ಯ ಓಡಾಡ್ತಾನೆ. 1829ರಲ್ಲೇ ಲಂಡನ್ನಿನಲ್ಲಿ ಹೆನ್ರಿ ಪಾಮರ್ ಅಲೆ ತಗಡಿಗೆ ಪೇಟೆಂಟ್ ತಗೊಂಡಿದ್ದ. ಕಾಗದದ್ದೂ ಅದೇ ಲೆಕ್ಕ. ಒಂದೊಂದು ಅಲೆಯೂ ಒಂದೊಂದು ಕಮಾನು, ನಮ್ಮ ಹಳೆ ವಾಡೆಗಳ ಬಾಗಿಲಿನ ಕಮಾನಿನ ಹಾಗೆ. ಭಾರ ಬಿದ್ದರೆ ಪಕ್ಕದ ಕಮಾನಿಗೆ ಹಂಚುತ್ತೆ. ನಡುವೆ ಗಾಳಿ ಇರುತ್ತೆ, ಅದು ಪೆಟ್ಟು ತಡೆಯುತ್ತೆ. ಅಂದರೆ ನೀವು ದುಡ್ಡು ಕೊಟ್ಟು ತಗೊಳ್ಳೋ ಖೋಕೆಯಲ್ಲಿ ಬಹುಪಾಲು ಗಾಳಿ. ಆ ಗಾಳಿಗೇ ಬೆಲೆ.

ಇನ್ನೊಂದು ಕಥೆ ಇದೆ, ಅದು ನನಗೆ ಬಹಳ ಇಷ್ಟ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ರಾಬರ್ಟ್ ಗೇರ್ ಬ್ರೂಕ್ಲಿನ್‌ನಲ್ಲಿ ಕಾಗದದ ಚೀಲ ಮಾಡೋ ಕಾರ್ಖಾನೆ ಇಟ್ಟಿದ್ದ. 1870ರ ದಶಕದ ಕೊನೆ. ಬೀಜದ ಚೀಲ ಅಚ್ಚು ಹಾಕುವಾಗ ಮಡಿಕೆ ಗೆರೆ ಹಾಕೋ ಲೋಹದ ಪಟ್ಟಿಯೊಂದು ಜಾರಿ ಎತ್ತರವಾಯ್ತು. ಗೆರೆ ಹಾಕೋ ಬದಲು ಚೀಲವನ್ನೇ ಕತ್ತರಿಸಿಬಿಡ್ತು. ಬೇರೆ ಯಾರಾದರೂ ಆಗಿದ್ದರೆ ಕೆಲಸದವನಿಗೆ ಬೈದು, ಹಾಳಾದ ಸರಕನ್ನ ರದ್ದಿಗೆ ಹಾಕಿ ಸುಮ್ಮನಾಗುತ್ತಿದ್ದರು. ಗೇರ್ ಅದನ್ನ ನೋಡುತ್ತಾ ನಿಂತ. ಒಂದು ಪಟ್ಟಿ ಎತ್ತರಕ್ಕಿಟ್ಟರೆ ಕತ್ತರಿಸುತ್ತೆ, ಇನ್ನೊಂದು ತಗ್ಗಿಗಿಟ್ಟರೆ ಮಡಿಕೆ ಗೆರೆ ಬೀಳುತ್ತೆ. ಎರಡನ್ನೂ ಒಂದೇ ಏಟಿಗೆ ಮಾಡಿದರೆ? ಅಲ್ಲಿಯವರೆಗೆ ರಟ್ಟಿನ ಡಬ್ಬಿಯನ್ನ ಕೈಯಲ್ಲಿ ಕತ್ತರಿಸಿ, ಕೈಯಲ್ಲಿ ಮಡಚಿ ಮಾಡಬೇಕಿತ್ತು. ಆಭರಣ, ಔಷಧದಂಥ ತುಟ್ಟಿ ಸಾಮಾನಿಗೆ ಮಾತ್ರ ಅದು. ಗೇರ್‌ನ ಯಂತ್ರದಿಂದ ಅದು ದಿನಸಿ ಅಂಗಡಿಗೆ ಇಳೀತು.

ಇಲ್ಲಿ ಮುಖ್ಯವಾದದ್ದು ಕತ್ತರಿಸಿದ್ದಲ್ಲ, ಚಪ್ಪಟೆಯಾಗಿ ಬಂದದ್ದು. ಕಟ್ಟಿಗೆ ಪೆಟ್ಟಿಗೆ ಖಾಲಿ ಇದ್ದರೂ ತುಂಬಿದಷ್ಟೇ ಜಾಗ ತಿನ್ನುತ್ತೆ. ರಟ್ಟಿನ ಡಬ್ಬಿ ಖಾಲಿ ಇದ್ದಾಗ ಒಂದು ಹಾಳೆ. ಗೋಕಾಕದ ಪೇಟೆಯ ಯಾವ ಮಿಠಾಯಿ ಅಂಗಡಿಗಾದರೂ ಹೋಗಿ ನೋಡಿ. ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಕಟ್ಟು ಇರುತ್ತೆ, ಅದರಲ್ಲಿ ನೂರಾರು ಡಬ್ಬಿ. ಗಿರಾಕಿ ಅರ್ಧ ಕೆಜಿ ಕಟ್ರಿ ಅಂದ ತಕ್ಷಣ ಹುಡುಗ ಒಂದು ಹಾಳೆ ಎತ್ತಿ, ನಾಲ್ಕು ಕಡೆ ಒತ್ತಿ, ಕಿವಿ ಸಿಕ್ಕಿಸಿ, ಕಣ್ಣು ಮಿಟುಕಿಸೋದರೊಳಗೆ ಡಬ್ಬಿ ನಿಲ್ಲಿಸ್ತಾನೆ. ಆ ಕೈಚಳಕದ ಹಿಂದೆ ಬ್ರೂಕ್ಲಿನ್‌ನ ಆ ಜಾರಿದ ಪಟ್ಟಿ ಇದೆ.

ಇಷ್ಟೆಲ್ಲಾ ಅನುಕೂಲ ಇದ್ದರೂ ಡಬ್ಬಿ ಸುಲಭವಾಗಿ ಗೆಲ್ಲಲಿಲ್ಲ. ಅಮೆರಿಕದ ರೈಲ್ವೆ ಕಂಪನಿಗಳು, ರಟ್ಟಿನ ಡಬ್ಬಿಯಲ್ಲಿ ಸರಕು ಕಳಿಸಿದರೆ ಜಾಸ್ತಿ ಬಾಡಿಗೆ, ಕಟ್ಟಿಗೆ ಪೆಟ್ಟಿಗೆಯಲ್ಲಿ ಕಳಿಸಿದರೆ ಕಡಿಮೆ ಅಂತ ಇಟ್ಟಿದ್ದವು. ಕಟ್ಟಿಗೆ ಪೆಟ್ಟಿಗೆಯವರದ್ದು ದೊಡ್ಡ ಲಾಬಿ. ಪ್ರಿಡಂ ಅನ್ನೋ ಕಂಪನಿ ಇದರ ವಿರುದ್ಧ ದೂರು ಕೊಟ್ಟಿತು. 1914ರಲ್ಲಿ ಅಲ್ಲಿನ ಅಂತರರಾಜ್ಯ ವಾಣಿಜ್ಯ ಆಯೋಗ, ಈ ತಾರತಮ್ಯ ನಡೆಯೋದಿಲ್ಲ ಅಂತ ತೀರ್ಪು ಕೊಟ್ಟಿತು. ಅಲ್ಲಿಂದ ಕಟ್ಟಿಗೆ ಪೆಟ್ಟಿಗೆಯ ಇಳಿಗಾಲ. ನೋಡಿ, ಯಾವ ವಸ್ತು ಗೆಲ್ಲುತ್ತೆ ಅನ್ನೋದನ್ನ ಬರೀ ಅದರ ಗುಣ ನಿರ್ಧರಿಸಲ್ಲ. ಬಾಡಿಗೆ, ತೆರಿಗೆ, ಕಾನೂನು ನಿರ್ಧರಿಸುತ್ತವೆ. ಈ ಮಾತನ್ನ ನೆನಪಿಟ್ಟುಕೊಳ್ಳಿ, ಜಿಎಸ್‌ಟಿಗೆ ಬಂದಾಗ ಬೇಕಾಗುತ್ತೆ.

ಈಗ ವಾಪಸ್ ಗೋಕಾಕಕ್ಕೆ. ಗೇರ್ ಬ್ರೂಕ್ಲಿನ್‌ನಲ್ಲಿ ಡಬ್ಬಿ ಮಾಡುತ್ತಿದ್ದ ಹೊತ್ತಿಗೇ ಘಟಪ್ರಭೆಯ ದಂಡೆಯಲ್ಲೂ ಒಂದು ದೊಡ್ಡ ಕೆಲಸ ನಡೀತಿತ್ತು. 1885ರಲ್ಲಿ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಹುಟ್ಟಿತು, 1887ರಲ್ಲಿ ಜಲಪಾತದ ನೀರಿನ ಬಲದಿಂದ ನೂಲಿನ ಗಿರಣಿ ತಿರುಗಿತು. ಗೋಕಾಕ ಮಿಲ್ಲು ಅಂದರೆ ಈ ಭಾಗದಲ್ಲಿ ಬರೀ ಕಾರ್ಖಾನೆ ಅಲ್ಲ, ತಲೆಮಾರುಗಳ ಅನ್ನ. ಮಿಲ್ಲಿಗೂ ರಟ್ಟಿಗೂ ಏನು ಸಂಬಂಧ ಅಂತೀರಾ? ನೂಲು ಗಾಳಿಯಲ್ಲಿ ನಿಲ್ಲಲ್ಲ, ಯಾವುದಕ್ಕಾದರೂ ಸುತ್ತಬೇಕು. ಹಿಂದೆ ಕಟ್ಟಿಗೆಯ ಬಾಬಿನ್. ಇವತ್ತು ನೂಲಿನ ಗಿರಣಿಗಳಲ್ಲಿ ನೂಲು ಸುತ್ತೋದು ಕಾಗದದ ಶಂಕುವಿಗೆ, ಅದಕ್ಕೆ ಕೋನ್ ಅಂತಾರೆ. ಹುಡುಗರು ಹುಟ್ಟುಹಬ್ಬಕ್ಕೆ ಹಾಕ್ಕೊಳ್ಳೋ ಟೋಪಿ ಇದೆಯಲ್ಲ, ಅದೇ ಆಕಾರ, ಆದರೆ ಕಲ್ಲಿನಂಥ ಗಟ್ಟಿ. ನಿಮಿಷಕ್ಕೆ ನೂರಾರು ಮೀಟರ್ ನೂಲು ಅದರ ಮೇಲೆ ಸುತ್ತುವಾಗ ಎಳ್ಳಷ್ಟೂ ಅಲುಗಬಾರದು. ಸುತ್ತಿದ ಕೋನ್‌ಗಳು ಮತ್ತೆ ರಟ್ಟಿನ ಖೋಕೆಯೊಳಗೆ ಹೋಗ್ತವೆ. ಅಂದರೆ ಟೋಪಿಯಲ್ಲಿ ಹುಟ್ಟಿದ ರಟ್ಟು ತಿರುಗಿ ಬಟ್ಟೆಯ ವ್ಯಾಪಾರಕ್ಕೇ ಬಂತು.

ಆದರೆ ಗೋಕಾಕಕ್ಕೂ ರಟ್ಟಿಗೂ ಇರೋ ನಿಜವಾದ ನಂಟು ಮಿಲ್ಲಿನಲ್ಲಿಲ್ಲ, ಹೊಲದಲ್ಲಿದೆ. ಅದು ಗೋವಿನಜೋಳ!

ಮೂರು ಹಾಳೆ ಒಂದಕ್ಕೊಂದು ಹಿಡಿದುಕೊಂಡಿರಬೇಕು ಅಂದ್ರೆ ಅಂಟು ಬೇಕಲ್ಲ. ಮೊದಲು ಸೋಡಿಯಂ ಸಿಲಿಕೇಟ್ ಅನ್ನೋ ರಾಸಾಯನಿಕ ಬಳಸುತ್ತಿದ್ದರು. ಒಣಗಿದರೆ ಗಾಜಿನಂತಾಗುತ್ತೆ, ಮಡಚಿದರೆ ಪುಡಿಯಾಗುತ್ತೆ, ಕೈ ಕೊಯ್ಯುತ್ತೆ. 1930ರ ದಶಕದಲ್ಲಿ ಸ್ಟೈನ್ ಹಾಲ್ ಅನ್ನೋ ಅಮೆರಿಕದ ಕಂಪನಿಯವರು ಪಿಷ್ಟದ ಅಂಟು ಮಾಡೋ ವಿಧಾನ ಕಂಡುಹಿಡಿದರು. ಅದರಲ್ಲಿ ಇರೋದು ಹೆಚ್ಚಾಗಿ ನೀರು, ಅದರಲ್ಲಿ ಗೋವಿನಜೋಳದ ಸ್ಟಾರ್ಚ್, ಚೂರು ಕಾಸ್ಟಿಕ್ ಸೋಡಾ, ಚೂರು ಬೋರಾಕ್ಸ್. ಸ್ಟಾರ್ಚಿನ ಒಂದು ಪಾಲನ್ನ ಮೊದಲೇ ಬೇಯಿಸಿ ಗಂಜಿ ಮಾಡ್ತಾರೆ, ಉಳಿದಿದ್ದನ್ನ ಹಸಿಯಾಗಿಯೇ ಬೆರೆಸ್ತಾರೆ. ಅಲೆಯ ತುದಿಗೆ ಅದನ್ನ ಸವರಿ, ಹಾಳೆ ಒತ್ತಿ, ಬಿಸಿ ಕೊಟ್ಟರೆ ಹಸಿ ಸ್ಟಾರ್ಚು ಅಲ್ಲೇ ಬೆಂದು, ಅಲ್ಲೇ ಹಿಡ್ಕೊಳ್ಳುತ್ತೆ. ನಮ್ಮ ತಾಯಂದಿರು ಮೈದಾ ಗಂಜಿ ಕಾಯಿಸಿ ಪುಸ್ತಕಕ್ಕೆ ರಟ್ಟು ಹಾಕಿ ಕೊಡ್ತಿದ್ದರಲ್ಲ, ಅದೇ ವಿದ್ಯೆ. ದೊಡ್ಡ ಯಂತ್ರಕ್ಕೆ ಏರಿತು, ಅಷ್ಟೇ.

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲ್ಲೂಕಿನಲ್ಲಿ ಕಬ್ಬಿನ ಜೊತೆ ಗೋವಿನಜೋಳ ಬೆಳೀತಾರೆ. ಆ ಜೋಳವನ್ನ ಸ್ಟಾರ್ಚ್ ಮಾಡೋ ದೊಡ್ಡ ಕಾರ್ಖಾನೆ ಗೋಕಾಕದಲ್ಲೇ ಇದೆ. ರಿದ್ಧಿ ಸಿದ್ಧಿ ಗ್ಲೂಕೋ ಬಯೋಲ್ಸ್ ಅನ್ನೋ ಕಂಪನಿ ಶುರು ಮಾಡಿದ್ದು, ಮುಂದೆ ಫ್ರಾನ್ಸಿನ ರೊಕೆಟ್ ಕಂಪನಿ ಅದರೊಳಗೆ ಬಂತು. ಸ್ಟಾರ್ಚು ಔಷಧಕ್ಕೆ ಹೋಗುತ್ತೆ, ಮಿಠಾಯಿಗೆ ಹೋಗುತ್ತೆ, ಬಟ್ಟೆಗೆ ಹೋಗುತ್ತೆ, ಕಾಗದ ಮತ್ತು ರಟ್ಟಿಗೂ ಹೋಗುತ್ತೆ. ಕೋಳಿಗೂ ದನಕ್ಕೂ ಹಾಕೋ ಜೋಳ ಅಂತ ನಾವು ಅಂದುಕೊಂಡಿರ್ತೀವಿ. ಅದು ನಿಮ್ಮ ಮನೆಗೆ ಬರೋ ಪಾರ್ಸಲ್ಲಿನ ಗೋಡೆಯೊಳಗೂ ಇರುತ್ತೆ. ಒಂದು ಊರು ಕರದಂಟಿನ ಅಂಟಿಗೂ ಹೆಸರಾಗಿ, ರಟ್ಟಿನ ಅಂಟಿಗೂ ಕಾರ್ಖಾನೆ ಇಟ್ಟುಕೊಂಡಿರೋದು ಬೇರೆ ಎಲ್ಲಾದರೂ ಇದೆಯೋ, ಹೇಳಿ.

ಕಬ್ಬಿನ ಮಾತು ಬಂತು. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆಯಿಂದ ಹಿಡಿದು ಈ ಭಾಗದಲ್ಲಿ ಸಕ್ಕರೆ ಕಾರ್ಖಾನೆಗಳಿಗೆ ಬರ ಇಲ್ಲ. ಕಬ್ಬು ಹಿಂಡಿದ ಮೇಲೆ ಉಳಿಯೋ ಸಿಪ್ಪೆಯಿಂದ ಒಳ್ಳೆ ಕಾಗದ ಆಗುತ್ತೆ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ ಅದನ್ನ ಮಾಡಿ ತೋರಿಸಿತ್ತು. ಅದರ ಯಂತ್ರಗಳು ಈಗ ನಿಂತಿವೆ. ಪಕ್ಕದ ದಾಂಡೇಲಿಯಲ್ಲಿ 1955ರಲ್ಲಿ ಹುಟ್ಟಿದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಬಿದಿರಿನಿಂದ ಶುರು ಮಾಡಿತು, ಈಗ ಕಾಗದದ ಜೊತೆ ಡಬ್ಬಿಗೆ ಬೇಕಾದ ಬೋರ್ಡನ್ನೂ ಮಾಡುತ್ತೆ. ಆದರೆ ನಮ್ಮ ಸಕ್ಕರೆ ಕಾರ್ಖಾನೆಗಳಿಗೆ ಸಿಪ್ಪೆ ಸುಟ್ಟು ಕರೆಂಟ್ ಮಾಡಿ ಮಾರೋದು ಲಾಭ. ಹಾಗಾಗಿ ಕಾಗದ ಆಗಬಹುದಾದದ್ದು ಬಾಯ್ಲರಿಗೆ ಹೋಗುತ್ತೆ. ಇನ್ನು ಸಕ್ಕರೆಯನ್ನ ಖೋಕೆಯಲ್ಲಿ ತುಂಬೋಣ ಅಂದ್ರೆ ಅಲ್ಲಿ ಸೆಣಬಿನವರ ಕಾನೂನು ಇದೆ. 1987ರ ಸೆಣಬು ಪ್ಯಾಕಿಂಗ್ ಕಾಯ್ದೆಯ ಪ್ರಕಾರ ಸಕ್ಕರೆಯ ಶೇಕಡ 20 ಭಾಗವನ್ನ ಗೋಣಿಚೀಲದಲ್ಲೇ ತುಂಬಬೇಕು. ಬೆಲ್ಲ ಮಾತ್ರ ಸ್ವತಂತ್ರ. ದೊಡ್ಡ ಪೆಂಟೆ ಬೇಡ ಅನ್ನೋ ಪೇಟೆಯ ಮನೆಗಳಿಗೆ ಅರ್ಧ ಕೆಜಿ, ಒಂದು ಕೆಜಿಯ ಅಚ್ಚು ಬೆಲ್ಲ ಈಗ ರಟ್ಟಿನ ಡಬ್ಬಿಯಲ್ಲೇ ಬರುತ್ತೆ.

ರಟ್ಟಿಗೆ ಒಬ್ಬನೇ ವೈರಿ. ನೀರು. ಹವೆಯಲ್ಲಿ ತೇವ ಜಾಸ್ತಿಯಾದರೆ ಸಾಕು, ಒಂದು ಹನಿ ಬೀಳದಿದ್ದರೂ ಖೋಕೆಯ ತಾಕತ್ತು ಅರ್ಧಕ್ಕೆ ಇಳಿಯುತ್ತೆ. ಮಳೆಗಾಲದಲ್ಲಿ ಗೋದಾಮಿನ ಕೆಳಸಾಲಿನ ಡಬ್ಬಿಗಳು ಹೊಟ್ಟೆ ಬಿಟ್ಟು ಕೂರೋದು ಅದಕ್ಕೇ. 2019ರ ಆಗಸ್ಟ್ ನೆನಪಿದೆಯಲ್ಲ? ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕದ ಪೇಟೆ, ಮನೆ, ಅಂಗಡಿ ಎಲ್ಲಾ ಮುಳುಗಿದವು. ಲೋಳಸೂರ ಸೇತುವೆ ನೀರಲ್ಲಿ. ಅಂಗಡಿಯೊಳಗಿನ ರಟ್ಟು ಎರಡು ದಿನದಲ್ಲಿ ಮುದ್ದೆಯಾಯ್ತು, ಅದರೊಳಗಿದ್ದ ಸರಕೂ ಹೋಯ್ತು. ಆಮೇಲೆ ನಾಡಿನ ಮೂಲೆ ಮೂಲೆಯಿಂದ ಬಿಸ್ಕತ್ತು, ಔಷಧ, ಬಟ್ಟೆ, ಸೋಪು ಲಾರಿ ತುಂಬ ಬಂತು. ಬಂದಿದ್ದು ಯಾವುದರಲ್ಲಿ? ರಟ್ಟಿನ ಖೋಕೆಗಳಲ್ಲಿ. ಕಾಳಜಿ ಕೇಂದ್ರದಲ್ಲಿ ಅದೇ ಖೋಕೆ ಬಿಚ್ಚಿ ನೆಲಕ್ಕೆ ಹಾಸಿ ಮಕ್ಕಳನ್ನ ಮಲಗಿಸೋದನ್ನ ಪ್ರವಾಹದ ಪ್ರತಿ ವರದಿಯಲ್ಲೂ ಕಾಣ್ತೀವಿ.

ಮಕ್ಕಳು ಅಂದಾಗ ಇನ್ನೊಂದು. ಗೋಕಾಕ ಕಟ್ಟಿಗೆಯ ಬಣ್ಣದ ಗೊಂಬೆಗೂ ಹೆಸರುವಾಸಿ. ಬಾಳೆಹಣ್ಣು, ಬದನೆಕಾಯಿ ನಿಜವೋ ಸುಳ್ಳೋ ಗೊತ್ತಾಗದ ಹಾಗೆ ಮಾಡ್ತಾರೆ. ಅಂಥ ಗೊಂಬೆ ತಂದುಕೊಟ್ಟರೂ ನಿಮ್ಮ ಮನೆ ಕೂಸು ಆಡೋದು ಅದು ಬಂದ ಡಬ್ಬಿಯ ಜೊತೆ! 2005ರಲ್ಲಿ ಅಮೆರಿಕದ ರೋಚೆಸ್ಟರ್ ಊರಿನ ವಸ್ತುಸಂಗ್ರಹಾಲಯದವರು ತಮ್ಮ ರಾಷ್ಟ್ರೀಯ ಆಟಿಕೆಗಳ ಗೌರವ ಪಟ್ಟಿಗೆ ಖಾಲಿ ರಟ್ಟಿನ ಡಬ್ಬಿಯನ್ನ ಸೇರಿಸಿದರು. ಅವರಿಗೂ ಅನುಭವ ಆಗಿತ್ತು ಅಂತ ಕಾಣುತ್ತೆ.

ಈಗ ದುಡ್ಡಿನ ವಿಚಾರ. ರಟ್ಟು ಇಷ್ಟು ಬೇಕಾದ ವಸ್ತು ಅಲ್ವಾ? ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಒಂದೇ ಸಲ ಬಳಸಿ ಎಸೆಯೋ ಪ್ಲಾಸ್ಟಿಕ್ ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಮಿಠಾಯಿ ಡಬ್ಬಿಗೆ ಸುತ್ತೋ ಪ್ಲಾಸ್ಟಿಕ್ ಹಾಳೆಯೂ ಇತ್ತು. ಡಬ್ಬಿ ಇರಲಿ, ಹೊದಿಕೆ ಬೇಡ ಅಂತ. ಕರದಂಟನ್ನ, ಭಜಿಯನ್ನ ಪೇಪರಿನಲ್ಲಿ ಕಟ್ಟಿಕೊಡೋ ಹಾಗೂ ಇಲ್ಲ; 2018ರ ಆಹಾರ ಪ್ಯಾಕಿಂಗ್ ನಿಯಮದಲ್ಲಿ ಸುದ್ದಿ ಪತ್ರಿಕೆಯಲ್ಲಿ ತಿಂಡಿ ಸುತ್ತೋದು ನಿಷಿದ್ಧ, ಯಾಕೆ ಅಂದ್ರೆ ಮಸಿ ಹೊಟ್ಟೆಗೆ ಹೋಗುತ್ತೆ. ಅಲ್ಲಿಗೆ ಪ್ಲಾಸ್ಟಿಕ್ ಹೋಯ್ತು, ಪೇಪರ್ ಹೋಯ್ತು, ಉಳಿದಿದ್ದು ರಟ್ಟು. ಡಬ್ಬಿ ಮಾಡೋ ಸಣ್ಣ ಉದ್ಯಮಿಗೆ ಸುಗ್ಗಿ ಬಂತು ಅಂತ ನೀವಂದುಕೊಳ್ತೀರಿ.

ಆದರೆ ಲೆಕ್ಕ ನೋಡಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಯ್ತು. ರಟ್ಟಿನ ಡಬ್ಬಿ ಮೇಲಿನ ತೆರಿಗೆ ಶೇಕಡ 12ರಿಂದ 5ಕ್ಕೆ ಇಳೀತು. ಒಳ್ಳೇದೇ ಆಯ್ತಲ್ಲ? ಆದರೆ ಆ ಡಬ್ಬಿ ಮಾಡೋಕೆ ಬೇಕಾದ ಕಂದು ಬಣ್ಣದ ಕ್ರಾಫ್ಟ್ ಕಾಗದದ ಮೇಲಿನ ತೆರಿಗೆ 12ರಿಂದ 18ಕ್ಕೆ ಏರಿತು. ಕಚ್ಚಾ ಮಾಲಿಗೆ 18, ತಯಾರಾದ ಮಾಲಿಗೆ 5. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಉದ್ಯಮಿ 100 ರೂಪಾಯಿ ಕಾಗದ ತಂದ, 18 ರೂಪಾಯಿ ತೆರಿಗೆ ಕಟ್ಟಿದ. ಡಬ್ಬಿ ಮಾಡಿ 140 ರೂಪಾಯಿಗೆ ಮಾರಿದ, ಗಿರಾಕಿಯಿಂದ 7 ರೂಪಾಯಿ ತೆರಿಗೆ ವಸೂಲಾಯ್ತು. ಉಳಿದ 11 ರೂಪಾಯಿ ಎಲ್ಲಿ? ಸರ್ಕಾರದ ಖಾತೆಯಲ್ಲಿ. ಅರ್ಜಿ ಹಾಕಿದರೆ ವಾಪಸ್ ಕೊಡ್ತಾರೆ, ಕಾನೂನಿನಲ್ಲಿ 60 ದಿನದ ಗಡುವೂ ಇದೆ. ಆದರೆ ಕೊಂಡ ಯಂತ್ರದ ಮೇಲೆ, ಪಡೆದ ಸೇವೆಯ ಮೇಲೆ ಕಟ್ಟಿದ ತೆರಿಗೆ ಆ ವಾಪಸಾತಿ ಲೆಕ್ಕಕ್ಕೆ ಬರೋದಿಲ್ಲ. ದೊಡ್ಡ ಕಂಪನಿ ತಡ್ಕೊಳ್ಳುತ್ತೆ. ಎರಡು ಯಂತ್ರ, ಹತ್ತು ಮಂದಿ ಕೆಲಸಗಾರರನ್ನ ಇಟ್ಟುಕೊಂಡು, ಬೆಳಿಗ್ಗೆ ಕಾಗದ ತಂದು ಸಂಜೆ ಡಬ್ಬಿ ಕೊಡೋನಿಗೆ ಆ 11 ರೂಪಾಯಿ ಅಂದ್ರೆ ನಾಳೆಯ ಕಾಗದ. ಅವನು ಸಾಲಕ್ಕೆ ಹೋಗ್ತಾನೆ. ಈ ದೇಶದಲ್ಲಿ ಡಬ್ಬಿ ಮಾಡೋರಲ್ಲಿ ಬಹುಪಾಲು ಇಂಥವರೇ. ಅಲೆ ಒತ್ತೋದು ಯಂತ್ರ, ಅಂಟಿಸೋದು ಕೈ. ತಲೆಕೆಳಗಾದ ತೆರಿಗೆ ಅಂತ ಅವರ ಸಂಘದವರು ಹೇಳ್ತಾನೇ ಇದ್ದಾರೆ. 1914ರಲ್ಲಿ ಅಲ್ಲಿ ರೈಲ್ವೆ ಬಾಡಿಗೆ, ಇವತ್ತು ಇಲ್ಲಿ ತೆರಿಗೆ ದರ. ತೆರಿಗೆ ಇಳಿಸಿದ್ದನ್ನ ದೊಡ್ಡ ಅಕ್ಷರದಲ್ಲಿ ಹೇಳಿದ ಸರ್ಕಾರ ಏರಿಸಿದ್ದನ್ನೂ ಅಷ್ಟೇ ದೊಡ್ಡದಾಗಿ ಹೇಳಬೇಕಿತ್ತು.

ಇದು ಸಾಲದು ಅಂತ ಈ ಕಾಗದದ ಬೆಲೆ ನಮ್ಮ ಕೈಯಲ್ಲೂ ಇಲ್ಲ. ಭಾರತದ ಕ್ರಾಫ್ಟ್ ಕಾಗದ ಹೆಚ್ಚಾಗಿ ಹಳೆ ರಟ್ಟಿನಿಂದಲೇ ಆಗೋದು. ನಮ್ಮ ಗುಜರಿಯವರು ಆಯ್ದದ್ದು ಸಾಲದೆ ಅಮೆರಿಕ, ಯುರೋಪಿನಿಂದ ಹಳೆ ಖೋಕೆಗಳನ್ನ ಹಡಗಲ್ಲಿ ತರಿಸ್ತೀವಿ. ಚೀನಾ 2021ರಿಂದ ತ್ಯಾಜ್ಯ ಆಮದನ್ನೇ ಪೂರ್ತಿ ನಿಲ್ಲಿಸಿತು. ಕಸ ಬೇಡ, ಆದರೆ ಕಾಗದ ಬೇಕು. ಹಾಗಾಗಿ ನಮ್ಮ ಮಿಲ್ಲುಗಳು ಹಳೆ ರಟ್ಟನ್ನ ಕರಗಿಸಿ ರೋಲು ಮಾಡಿ ಚೀನಾಕ್ಕೆ ಕಳಿಸೋಕೆ ಶುರು ಮಾಡಿದವು. ಇಲ್ಲಿ ಕಾಗದದ ಬೆಲೆ ಚಿಮ್ಮಿತು. ಬೀಜಿಂಗ್‌ನಲ್ಲಿ ಒಂದು ಆದೇಶ ಆದರೆ ನಮ್ಮ ತಾಲ್ಲೂಕಿನ ಡಬ್ಬಿ ತುಟ್ಟಿಯಾಗುತ್ತೆ. ಒಂದು ನಾರು ಐದರಿಂದ ಏಳು ಸಲ ಹೀಗೆ ಮರುಹುಟ್ಟು ಪಡೆಯಬಲ್ಲದು. ಪ್ರತಿ ಸಲ ಸ್ವಲ್ಪ ಗಿಡ್ಡವಾಗುತ್ತೆ, ಕೊನೆಗೆ ಕೈಬಿಡುತ್ತೆ. ನಿಮ್ಮ ಓಣಿಯಲ್ಲಿ ರದ್ದಿ ಆಯೋ ಹೆಣ್ಣುಮಗಳು ಬೆನ್ನ ಮೇಲೆ ಹೊತ್ತ ಚೀಲದಿಂದ ಶುರುವಾಗೋ ಸರಪಳಿ ಇದು. ಆಕೆಗೆ ಕೆಜಿಗೆ ಇಷ್ಟು ಅಂತ ಸಿಗೋ ರೇಟಿನಲ್ಲಿ ಈ ಏರಿಕೆ ಎಷ್ಟು ತಲುಪಿತು ಅನ್ನೋದನ್ನ ಯಾರೂ ಲೆಕ್ಕ ಇಟ್ಟವರಿಲ್ಲ.

ಮೊದಲು ಹೇಳಿದ್ದೆನಲ್ಲ, ನೀವು ಡಬ್ಬಿಗೆ ಎಷ್ಟು ಕೊಡ್ತೀರಿ ಅಂತ ಹೇಳ್ತೀನಿ ಅಂತ. ಮಿಠಾಯಿ ಅಂಗಡಿಯ ತಕ್ಕಡಿ ಮೇಲೆ ಕಣ್ಣಿಡಿ. ಕೆಲವು ಕಡೆ ಖಾಲಿ ಡಬ್ಬಿ ಇಟ್ಟು, ಅದರಲ್ಲೇ ಮಿಠಾಯಿ ತುಂಬಿ, ಅರ್ಧ ಕೆಜಿ ಅಂತ ತೋರಿಸಿ ಕಟ್ಟಿಬಿಡ್ತಾರೆ. ಡಬ್ಬಿ ಸೈತ ತೂಗ್ಯಾನ ಅಂತ ಹೊರಗೆ ಬಂದು ಗೊಣಗೋರು ಬಹಳ, ಒಳಗೆ ಕೇಳೋರು ಕಡಿಮೆ. ಡಬ್ಬಿ 80 ಗ್ರಾಂ ಅಂತ ಇಟ್ಟುಕೊಳ್ಳಿ, ಮಿಠಾಯಿ ಕೆಜಿಗೆ 600 ರೂಪಾಯಿ ಅಂತ ಇಟ್ಟುಕೊಳ್ಳಿ. ನೀವು ರಟ್ಟಿಗೆ ಕೊಟ್ಟಿದ್ದು 48 ರೂಪಾಯಿ! ಅರ್ಧ ಕೆಜಿ ಅಂತ ಕೈಗೆ ಬಂದಿದ್ದು 420 ಗ್ರಾಂ. ಮದುವೆಗೆ ಅಂತ 200 ಡಬ್ಬಿ ಕಟ್ಟಿಸಿದರೆ? 9,600 ರೂಪಾಯಿ, ಅಂದರೆ 16 ಕೆಜಿ ಮಿಠಾಯಿಯ ದುಡ್ಡು ರಟ್ಟಿಗೆ. ಬೂದಿ ಬಣ್ಣದ ರದ್ದಿ ಹಾಳೆಯನ್ನ ಗೋಡಂಬಿ ರೇಟಿಗೆ ಕೊಂಡ ಹಾಗೆ.

ಕಾನೂನು ಇಲ್ಲಿ ಸ್ಪಷ್ಟ ಇದೆ. ತೂಕ ಅಂದರೆ ಒಳಗಿನ ವಸ್ತುವಿನ ತೂಕ, ಡಬ್ಬಿಯದ್ದಲ್ಲ. ಮೊದಲೇ ಪ್ಯಾಕ್ ಮಾಡಿಟ್ಟ ಡಬ್ಬಿ ಆಗಿದ್ದರೆ 2011ರ ಪ್ಯಾಕೇಜ್ ನಿಯಮದ ಪ್ರಕಾರ ತಯಾರಕನ ಹೆಸರು, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು ಮತ್ತು ವರ್ಷ ಮೇಲೇ ಅಚ್ಚಾಗಿರಬೇಕು. ಬಿಡಿಯಾಗಿ ಮಾರೋ ಮಿಠಾಯಿಗೆ, ಯಾವ ದಿನದೊಳಗೆ ತಿನ್ನಬೇಕು ಅನ್ನೋದನ್ನ ತಟ್ಟೆಯ ಮುಂದೆ ಬರೆದಿಡಬೇಕು ಅಂತ 2020ರ ಅಕ್ಟೋಬರ್ 1ರಿಂದ ನಿಯಮ ಇದೆ. ಇದನ್ನ ನೋಡೋಕೆ ರಾಜ್ಯದಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆ ಇದೆ, ಗ್ರಾಹಕರ ದೂರಿಗೆ 1915 ಅನ್ನೋ ರಾಷ್ಟ್ರೀಯ ಸಹಾಯವಾಣಿ ಇದೆ. ಫೋನ್ ಮಾಡೋವರೆಗೆ ಹೋಗೋದೂ ಬೇಕಿಲ್ಲ. ಈಗಿನ ಎಲೆಕ್ಟ್ರಾನಿಕ್ ತಕ್ಕಡಿಗಳಲ್ಲಿ ಟೇರ್ ಅಂತ ಒಂದು ಗುಂಡಿ ಇರುತ್ತೆ. ಖಾಲಿ ಡಬ್ಬಿ ಇಟ್ಟು ಅದನ್ನ ಒತ್ತಿದರೆ ಸೊನ್ನೆ ಬರುತ್ತೆ, ಆಮೇಲೆ ತೂಗಿದ್ದೆಲ್ಲ ಮಿಠಾಯಿ. ಗೋಕಾಕದಲ್ಲೂ ಬೇರೆ ಊರಲ್ಲೂ ಹಾಗೆ ಮಾಡೋ ಅಂಗಡಿಗಳು ಬೇಕಾದಷ್ಟಿವೆ. ಮಾಡದ ಕಡೆ, ಅಣ್ಣಾ, ಡಬ್ಬಿ ಇಟ್ಟು ಸೊನ್ನಿ ಮಾಡ್ರಿ ಅಂದರೆ ಸಾಕು, ಹುಡುಗ ಗಲ್ಲಾದ ಮೇಲಿನ ಮಾಲೀಕರ ಮುಖ ಒಮ್ಮೆ ನೋಡಿ ಗುಂಡಿ ಒತ್ತುತ್ತಾನೆ.